ಬೇಕು, ಬ್ಯಾಡ ಮತ್ತು ಇಂಗ್ಲಿಷಿನ ಗೊಂದಲದ ಪದಗಳು

‘ಶೆಡ್ಯೂಲ್’ ಅನ್ನಬೇಕೋ, ‘ಸ್ಕೆಜೂಲ್’ ಅನ್ನಬೇಕೋ? ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಸಂಜೆ ಚಹಾಕ್ಕೆ ಸೇರಿದಾಗ ಇಂಥ ವಾದ ಆಗಾಗ ನಡೆಯುತ್ತದೆ. ಒಬ್ಬ ತನ್ನ ಮಾಸ್ತರು ಹೇಳಿದ್ದನ್ನು ಹಿಡಿದು ಕೂರುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಕೇಳಿದ್ದನ್ನು. ಇಬ್ಬರೂ ಸರಿ. ಮೊದಲನೆಯದು ಬ್ರಿಟನ್ನಿನ ರೂಢಿ, ಎರಡನೆಯದು ಅಮೆರಿಕದ್ದು. ಲೆಫ್ಟಿನೆಂಟ್–ಲೂಟೆನೆಂಟ್ ಕೂಡ ಹಾಗೇ. ‘ಆಫನ್’ ಮತ್ತು ‘ಆಫ್ಟನ್’ ಎರಡನ್ನೂ ಇವತ್ತಿನ ನಿಘಂಟುಗಳು ಒಪ್ಪುತ್ತವೆ. ಫ್ರೆಂಚ್ ಭಾಷೆಗೆ 1635ರಿಂದ ಒಂದು ಅಕಾಡೆಮಿ ಇದೆ, ಸರಿ–ತಪ್ಪು ಹೇಳುವ ಕೆಲಸ ಅದರದ್ದು. ಇಂಗ್ಲಿಷಿಗೆ ಅಂಥ ಯಜಮಾನರು ಯಾರೂ ಇಲ್ಲ. ಜನ ಹೇಗೆ ಮಾತಾಡುತ್ತಾರೋ ಅದನ್ನೇ ನಿಘಂಟಿನವರು ಬರೆದುಕೊಳ್ಳುತ್ತಾರೆ.

ಈ ಥರದ ವಾದದಲ್ಲಿ ಗೆದ್ದರೂ ಸೋತರೂ ಏನೂ ಕೆಡುವುದಿಲ್ಲ. ಹೇಗೆ ಹೇಳಿದರೂ ಕೇಳುವವರಿಗೆ ತಿಳಿಯುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೆ ಪದಗಳು: ಹೇಳಿದ್ದೊಂದು, ಕೇಳಿಸಿದ್ದೊಂದು ಆಗುವಂಥವು. ರೋಣ, ನವಲಗುಂದ, ಹಿರೇಕೆರೂರಿನ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ‘ನಮ್ಮ ಬಾಯಿಗೆ ಅದು ಬರಂಗಿಲ್ರೀ’ ಅಂದು ಸುಮ್ಮನಾಗುತ್ತಾರೆ. ನೋಡಿದರೆ ಬಹಳ ಕಡೆ ಬಾಯಿಯ ತಪ್ಪೇ ಇರುವುದಿಲ್ಲ. ತಪ್ಪು ಇಂಗ್ಲಿಷಿನ ಸ್ಪೆಲಿಂಗಿನದು, ಇಲ್ಲವೇ ನಾವು ಆ ಪದವನ್ನು ಕನ್ನಡದಲ್ಲಿ ಬರೆದುಕೊಂಡ ರೀತಿಯದು. ಯಾವ ಗೊಂದಲ ಎಲ್ಲಿಂದ ಬಂತು ಅಂತ ತಿಳಿದರೆ, ಯಾವುದಕ್ಕೆ ಕಷ್ಟಪಡಬೇಕು, ಯಾವುದನ್ನು ಬಿಡಬಹುದು ಅನ್ನುವುದೂ ತಿಳಿಯುತ್ತದೆ.

‘ಫಾರ್ಮ್’ ಪದ ತೆಗೆದುಕೊಳ್ಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ ‘ಫಾರ್ಮ್ ತುಂಬಿದೆ’ ಎಂದರೆ ಅರ್ಜಿ, ‘ಫಾರ್ಮಿಗೆ ಹೋಗಿದ್ದೆ’ ಎಂದರೆ ಹೊಲ. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ, ಒಂದೇ ರೀತಿ ಓದುತ್ತೇವೆ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಸ್ವರಗಳು. ಹೊಲದ ಫಾರ್ಮಿಗೆ ನಮ್ಮ ಆಕಾರವೇ ಸಾಕು, ಬಾಯಿ ಪೂರ್ತಿ ತೆರೆದರಾಯಿತು. ಅರ್ಜಿಯ ಫಾರ್ಮಿನ ಸ್ವರ ಆ ಮತ್ತು ಓ ನಡುವಿನದು. ಅದಕ್ಕೆ ಕನ್ನಡ ಲಿಪಿಯಲ್ಲಿ ಅಕ್ಷರ ಇಲ್ಲ. ಮರಾಠಿ, ಹಿಂದಿಯವರು ಮೇಲೊಂದು ಅರ್ಧಚಂದ್ರ ಇಟ್ಟು ಅದನ್ನು ತೋರಿಸುತ್ತಾರೆ. ನಾವು ಹಾಲ್, ಕಾಲ್, ಲಾ, ಕಾಲೇಜು ಎಲ್ಲಕ್ಕೂ ಆಕಾರವನ್ನೇ ಹಾಕುತ್ತೇವೆ. ಹಾಗಾಗಿಯೇ ಆಧಾರ್ ಕಾರ್ಡೂ ‘ಕಾರ್ಡ್’, ಕರೆಂಟಿನ ಅಂಗಡಿಯಲ್ಲಿ ಸಿಗುವ ಎಕ್ಸ್‌ಟೆನ್ಷನ್ ವೈರೂ ‘ಕಾರ್ಡ್’ ಆಗಿಬಿಟ್ಟಿವೆ.

ಈ ಸ್ವರವನ್ನು ಬಾಯಿಗೆ ತರುವುದು ಕಷ್ಟ ಅಲ್ಲ. ಆ ಎನ್ನಿ. ನಾಲಿಗೆಯನ್ನು ಅಲ್ಲೇ ಬಿಟ್ಟು ತುಟಿಗಳನ್ನು ಮಾತ್ರ ಓ ಅನ್ನುವಾಗಿನ ಹಾಗೆ ದುಂಡಗೆ ಮಾಡಿ. ಅದೇ ಅರ್ಜಿಯ ಫಾರ್ಮಿನ ಸ್ವರ, ವೈರಿನ ಕಾರ್ಡಿನ ಸ್ವರ. ಕನ್ನಡಿ ಮುಂದೆ ನಿಂತು ಮಾಡಿ ನೋಡಿ. ತುಟಿ ದುಂಡಗಾಗದಿದ್ದರೆ ನೀವು ಇನ್ನೂ ಹೊಲದಲ್ಲೇ ಇದ್ದೀರಿ ಎಂದರ್ಥ.

ಇನ್ನು ನಮ್ಮ ಭಾಗದವರು ಖುಷಿಪಡಬೇಕಾದ ಸಂಗತಿ. ‘ಸ್ನ್ಯಾಕ್ಸ್’ ಅನ್ನುವ ಕಡೆ ‘ಸ್ನೇಕ್ಸ್’ ಅನ್ನುವುದು, ‘ಲೇಟರ್’ ಮತ್ತು ‘ಲ್ಯಾಟರ್’ ಕಲೆಸಿಬಿಡುವುದು ಎಲ್ಲ ಕಡೆ ಇದೆ. ಒಂದು ತಿಂಡಿ, ಇನ್ನೊಂದು ಹಾವು. ಒಂದು ‘ಆಮೇಲೆ’, ಇನ್ನೊಂದು ‘ಎರಡರಲ್ಲಿ ಕೊನೆಯದು’. ಈ ‘ಆ್ಯ’ ಸ್ವರ ಕನ್ನಡದ ವರ್ಣಮಾಲೆಯಲ್ಲಿ ಇಲ್ಲ. ಅದಕ್ಕೇ ಬರುವುದಿಲ್ಲ ಅಂತ ಪುಸ್ತಕಗಳು ಹೇಳಿಬಿಡುತ್ತವೆ. ವರ್ಣಮಾಲೆಯಲ್ಲಿ ಇಲ್ಲ, ನಿಜ. ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯವರ ಬಾಯಲ್ಲಿ ಅದು ದಿನಬೆಳಗಾದರೆ ಇದ್ದೇ ಇದೆ. ಬೇಡ ಅನ್ನುವುದಕ್ಕೆ ನಾವು ‘ಬ್ಯಾಡ’ ಅನ್ನುತ್ತೇವೆ. ಬೇರೆ ನಮಗೆ ‘ಬ್ಯಾರೆ’, ಪೇಟೆ ‘ಪ್ಯಾಟಿ’, ಬೇಸಗೆ ‘ಬ್ಯಾಸಗಿ’.

ಇನ್ನೂ ಸೂಕ್ಷ್ಮ ಇಲ್ಲಿದೆ. ಬೇಡವನ್ನು ‘ಬ್ಯಾಡ’ ಅನ್ನುವವರು ಬೇಕುವನ್ನು ‘ಬ್ಯಾಕು’ ಅನ್ನುವುದಿಲ್ಲ. ಬೇರೆ ‘ಬ್ಯಾರೆ’ ಆಗುತ್ತದೆ, ಗಿಡದ ಬೇರು ‘ಬ್ಯಾರು’ ಆಗುವುದಿಲ್ಲ. ಮುಂದಿನ ಅಕ್ಷರದಲ್ಲಿ ಅ ಅಥವಾ ಎ ಇದ್ದ ಪದಗಳಲ್ಲಿ ಏಕಾರ ಅಗಲವಾಗುತ್ತದೆ. ಉ ಅಥವಾ ಇ ಇದ್ದರೆ ಮೊದಲಿನಂತೆಯೇ ಉಳಿಯುತ್ತದೆ. ಇದನ್ನು ನಮಗೆ ಯಾರೂ ಕಲಿಸಿಲ್ಲ. ಅಂದರೆ ನಮ್ಮ ಬಾಯಿಗೂ ಕಿವಿಗೂ ಈ ಎರಡು ಸ್ವರಗಳ ವ್ಯತ್ಯಾಸ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ತಿಂಡಿಯ ಸ್ನ್ಯಾಕ್ಸಿಗೆ ‘ಬ್ಯಾಡ’ದ ಸ್ವರ, ಹಾವಿನ ಸ್ನೇಕ್ಸಿಗೆ ‘ಬೇಕು’ವಿನ ಸ್ವರ. ಉಣಕಲ್ಲಿನ ಕೆರೆ ಲೇಕ್, ಅದು ‘ಬೇಕು’. ಕೊರತೆ ಎಂಬ ಅರ್ಥದ ಲ್ಯಾಕ್, ಅದು ‘ಬ್ಯಾಡ’. ನೋವಿನ ಪೇನ್ ‘ಬೇಕು’, ಅಡುಗೆಯ ಪ್ಯಾನ್ ‘ಬ್ಯಾಡ’. ಇಂಗ್ಲಿಷಿನಲ್ಲಿ ಈ ಸ್ವರವನ್ನು ನಮ್ಮಷ್ಟು ಎಳೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ತಿಂಡಿ ಹಾವಾಗುವುದು ಯಾಕೆ? ಸ್ಪೆಲಿಂಗನ್ನು ಓದುವ ರೀತಿ ಗೊತ್ತಿಲ್ಲದ್ದಕ್ಕೆ. ಎ ಅಕ್ಷರದ ಮುಂದೆ ಸಿ-ಕೆ ಜೋಡಿ ಬಂದರೆ ಅದು ‘ಬ್ಯಾಡ’ದ ಸ್ವರ: ಬ್ಯಾಕ್, ಪ್ಯಾಕ್, ಲ್ಯಾಕ್, ಸ್ನ್ಯಾಕ್. ಒಂದೇ ಕೆ ಬಂದು ಕೊನೆಯಲ್ಲಿ ಇ ಅಕ್ಷರ ಇದ್ದರೆ ‘ಬೇಕು’ವಿನ ಸ್ವರ: ಲೇಕ್, ಕೇಕ್, ಸ್ನೇಕ್. ಇಂಗ್ಲಿಷಿನಲ್ಲಿ ನಂಬಿಕೆಗೆ ಅರ್ಹವಾದ ನಿಯಮಗಳು ಕಮ್ಮಿ. ಇದು ಅವುಗಳಲ್ಲಿ ಒಂದು.

ಟೆಸ್ಟ್ ಮತ್ತು ಟೇಸ್ಟ್, ಸೆಲ್ ಮತ್ತು ಸೇಲ್, ಪೆನ್ ಮತ್ತು ಪೇನ್ ವಿಷಯದಲ್ಲೂ ಕನ್ನಡದವರಿಗೆ ಕಷ್ಟ ಇರಬಾರದು. ಎ ಮತ್ತು ಏ ನಮಗೆ ಬೇರೆ ಬೇರೆ ಅಕ್ಷರಗಳು. ಕೆಡು ಬೇರೆ, ಕೇಡು ಬೇರೆ. ಹಿಂದಿಯಲ್ಲಿ ಈ ಹ್ರಸ್ವ–ದೀರ್ಘ ಜೋಡಿ ಇಲ್ಲ, ನಮಗೆ ಇದೆ. ಲಿವ್ ಮತ್ತು ಲೀವ್ ಕೂಡ ಹಾಗೇ, ಬಿಡು–ಬೀಡು ಇದ್ದ ಹಾಗೆ. ಸಂದರ್ಶನದಲ್ಲಿ ‘ನಾನು ಗದಗಿನಲ್ಲಿ ವಾಸ ಮಾಡುತ್ತೇನೆ’ ಅನ್ನುವಾಗ ದೀರ್ಘ ಎಳೆದರೆ ‘ಬಿಟ್ಟು ಹೋಗುತ್ತೇನೆ’ ಅಂದಂತೆ ಕೇಳಿಸುತ್ತದೆ. ವಾಸಕ್ಕೆ ಹ್ರಸ್ವ, ಹೊರಡುವುದಕ್ಕೆ ದೀರ್ಘ.

ನಿಜವಾಗಿ ನಮ್ಮ ಬಾಯಿಗೆ ಹೊಸದಾದ ಸದ್ದುಗಳು ಕೆಲವೇ. ಅದರಲ್ಲಿ ದೊಡ್ಡದು ಝಡ್ ಅಕ್ಷರದ ಸದ್ದು. ಕನ್ನಡದಲ್ಲಿ ಅದನ್ನು ಜಕಾರದ ಕೆಳಗೆ ಎರಡು ಚುಕ್ಕಿ ಇಟ್ಟು ಜ಼ ಎಂದು ಬರೆಯುವ ರೂಢಿ ಇದೆ. ದಿನದ ಮಾತಿನಲ್ಲಿ ನಾವು ಇದಕ್ಕೆ ಪದದ ಮೊದಲಲ್ಲಿ ಜ್, ಕೊನೆಯಲ್ಲಿ ಸ್ ಹಾಕಿಬಿಡುತ್ತೇವೆ. ಮೊದಲಲ್ಲಿ ಜ್ ಅಂದರೆ ತೊಂದರೆ ಕಮ್ಮಿ. ‘ಜೂ’ ಅಂದರೆ ಪ್ರಾಣಿ ಸಂಗ್ರಹಾಲಯ ಅಂತ ಎಲ್ಲರಿಗೂ ತಿಳಿಯುತ್ತದೆ. ತೊಂದರೆ ಇರುವುದು ಕೊನೆಯಲ್ಲಿ. ಅಮರಗೋಳದ ಎಪಿಎಂಸಿಯಿಂದ ಹೊರರಾಜ್ಯದವರ ಜೊತೆ ಫೋನಿನಲ್ಲಿ ಮಾತಾಡುವಾಗ ‘ಪ್ರೈಸ್’ ಎಂದರೆ ಬೆಲೆ, ‘ಪ್ರೈಜ಼್’ ಎಂದರೆ ಬಹುಮಾನ. ‘ರೈಸ್’ ಅಕ್ಕಿ, ‘ರೈಜ಼್’ ಏರಿಕೆ. ಧಾರವಾಡದ ಹೈಕೋರ್ಟ್ ಪೀಠದ ವಕೀಲರು ಕೊಡುವುದು ‘ಅಡ್ವೈಸ್’, ಅವರು ಮಾಡುವ ಕೆಲಸ ‘ಅಡ್ವೈಜ಼್’. ಸಿ ಅಕ್ಷರ ಇದ್ದರೆ ನಾಮಪದ, ಎಸ್ ಇದ್ದರೆ ಕ್ರಿಯಾಪದ. ಒಂದೇ ಓ ಇರುವ ‘ಲೂಜ಼್’ ಕಳೆದುಕೊಳ್ಳುವುದು, ಎರಡು ಓ ಇರುವ ‘ಲೂಸ್’ ಸಡಿಲ ಅನ್ನುವುದು. ಇಂಗ್ಲಿಷ್ ಮನೆಮಾತಿನವರೂ ಬರೆಯುವಾಗ ಈ ಜೋಡಿಯಲ್ಲಿ ತಪ್ಪುತ್ತಾರೆ.

ಗಂಟಲ ಮೇಲೆ ಬೆರಳಿಟ್ಟುಕೊಂಡು ಉದ್ದಕ್ಕೆ ಸ್ಸ್ ಅನ್ನಿ. ಗಂಟಲು ಅದುರುವುದಿಲ್ಲ. ನಾಲಿಗೆ ಕದಲಿಸದೆ ದನಿ ಸೇರಿಸಿ. ಜೇನುಹುಳದ ಹಾಗೆ ಗುಂಯ್ ಅಂತ ಗಂಟಲು ಅದುರಿದರೆ ಅದೇ ಜ಼್. ಇದು ಬರಲು ಕೆಲವರಿಗೆ ತಡವಾಗುತ್ತದೆ. ಅಂಥವರಿಗೆ ಒಂದು ಉಪಾಯ ಇದೆ. ಇಂಗ್ಲಿಷಿನಲ್ಲಿ ಜ಼್ ಮುಂಚಿನ ಸ್ವರ ಸ್ವಲ್ಪ ಉದ್ದ, ಸ್ ಮುಂಚಿನ ಸ್ವರ ಗಿಡ್ಡ. ಅಕ್ಕಿಯ ರೈಸಿನಲ್ಲಿ ‘ರೈ’ ಬೇಗ ಮುಗಿಯುತ್ತದೆ, ಏರಿಕೆಯಲ್ಲಿ ಎಳೆಯುತ್ತದೆ. ಇಂಗ್ಲಿಷ್ ಕಿವಿ ಕೊನೆಯ ವ್ಯಂಜನಕ್ಕಿಂತ ಈ ಉದ್ದವನ್ನೇ ಜಾಸ್ತಿ ಗಮನಿಸುತ್ತದೆ. ಜ಼್ ಪೂರ್ತಿ ಬರದಿದ್ದರೂ ಸ್ವರ ಎಳೆದರೆ ಕೆಲಸ ಆಗುತ್ತದೆ.

ವಿ ಮತ್ತು ಡಬ್ಲ್ಯು ಎರಡಕ್ಕೂ ನಮ್ಮಲ್ಲಿ ಒಂದೇ ವಕಾರ. ವಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯು ಅನ್ನುವಾಗ ಹಲ್ಲಿಗೆ ಕೆಲಸ ಇಲ್ಲ, ತುಟಿ ದುಂಡಗಾದರೆ ಸಾಕು. ದಿಕ್ಕಿನ ವೆಸ್ಟಿಗೆ ದುಂಡು ತುಟಿ, ಬನಿಯನ್ನಿನ ವೆಸ್ಟಿಗೆ ಹಲ್ಲು. ಆದರೆ ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ವಾಕ್ಯದೊಳಗೆ ಬಂದಾಗ ಇವು ಕಲೆತುಹೋಗುವುದು ತೀರಾ ಕಮ್ಮಿ.

ಬೇರೆ ಭಾಷೆಯ ಸದ್ದನ್ನು ನಮ್ಮ ಸದ್ದಿನಲ್ಲಿ ಕೇಳಿಕೊಳ್ಳುವುದು ನಮ್ಮೊಬ್ಬರ ಸಮಸ್ಯೆ ಅಲ್ಲ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಧಾರವಾಡ ‘ಧಾರ್ವಾರ್’ ಆಗಿದೆ. ನಾಲಿಗೆ ಮಡಿಸಿ ಹೇಳುವ ನಮ್ಮ ಡಕಾರ ಅವರ ಭಾಷೆಯಲ್ಲಿ ಇಲ್ಲ, ಅವರು ಅದನ್ನು ರಕಾರದಿಂದ ಬರೆದರು. ನಮ್ಮ ನೆಲದ ಹಳೆಯ ಶಿಲೆಗಳ ಬಗ್ಗೆ ಬರೆಯುವ ಭೂವಿಜ್ಞಾನಿಗಳು ಇವತ್ತಿಗೂ ‘ಧಾರ್ವಾರ್’ ಎಂದೇ ಬರೆಯುತ್ತಾರೆ. ಹುಬ್ಬಳ್ಳಿ ‘ಹುಬ್ಲಿ’ ಆಗಿದ್ದು, 2014ರ ನವೆಂಬರ್ 1ರಂದು ಮತ್ತೆ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಗಿದ್ದು ನಮಗೆಲ್ಲ ನೆನಪಿದೆ. ಕಿವಿ ತನಗೆ ಗೊತ್ತಿದ್ದನ್ನೇ ಕೇಳುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಇನ್ನೊಂದು ಅಭ್ಯಾಸ ನಮಗೆ ಗೊತ್ತಾಗದಂತೆ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಪದ ಎಕಾರ, ಇಕಾರದಿಂದ ಶುರುವಾದರೆ ಅದಕ್ಕೂ ಮೊದಲು ಸಣ್ಣ ಯಕಾರ ಬಂದು ಕೂರುತ್ತದೆ. ಎಲ್ಲಿ ಎಂದು ಬರೆದು ‘ಯೆಲ್ಲಿ’ ಎಂದು ಓದುತ್ತೇವೆ. ಕನ್ನಡಕ್ಕೆ ಅದು ಸಹಜ. ಇಂಗ್ಲಿಷಿನಲ್ಲಿ ಈಸ್ಟ್ ಎಂದರೆ ಪೂರ್ವ ದಿಕ್ಕು, ಯೀಸ್ಟ್ ಎಂದರೆ ಬ್ರೆಡ್ಡಿನ ಹಿಟ್ಟು ಉಬ್ಬಲಿ ಅಂತ ಹಾಕುವುದು. ಇಯರ್ ಕಿವಿ, ಯಿಯರ್ ವರ್ಷ. ಈ ಜೋಡಿಗಳಲ್ಲಿ ಮಾತ್ರ ಎಚ್ಚರ ಇದ್ದರೆ ಸಾಕು.

ಕನ್ನಡ ಓದಿದವರಿಗೆ ಇಂಗ್ಲಿಷ್ ಸ್ಪೆಲಿಂಗ್ ಮೋಸ ಅನ್ನಿಸುವುದು ಸಹಜ. ಬರೆದದ್ದನ್ನು ಓದಬೇಕು ಅಂತ ನಾವು ಕಲಿತಿದ್ದೇವೆ. ಅದಕ್ಕೇ ‘ಪ್ಲಂಬರ್’, ‘ರಿಸೀಪ್ಟ್’, ‘ಕಪ್‌ಬೋರ್ಡ್’, ‘ವೆಡ್ನೆಸ್‌ಡೇ’. ಸರಿಯಾದ ಉಚ್ಚಾರ ಪ್ಲಮರ್, ರಿಸೀಟ್, ಕಬರ್ಡ್, ವೆನ್ಸ್‌ಡೇ. ಒಂದು ಕಾಲದಲ್ಲಿ ಇಂಗ್ಲಿಷರೂ ಬಹುಮಟ್ಟಿಗೆ ಬರೆದದ್ದನ್ನೇ ಓದುತ್ತಿದ್ದರು. ‘ನೇಮ್’ ಪದ ಆಗ ‘ನಾಮ’ ಅನ್ನುವ ಹಾಗೇ ಕೇಳಿಸುತ್ತಿತ್ತು, ಕೊನೆಯ ಇ ಅಕ್ಷರಕ್ಕೂ ಸದ್ದಿತ್ತು. ಮೊಣಕಾಲಿನ ‘ನೀ’ ಪದದ ಮೊದಲ ಕೆ ಕೂಡ ಬಾಯಲ್ಲಿ ಬರುತ್ತಿತ್ತು. ಸುಮಾರು 1400ರಿಂದ 1700ರ ನಡುವೆ ಅವರ ದೀರ್ಘ ಸ್ವರಗಳೆಲ್ಲ ಒಂದೊಂದಾಗಿ ಜಾಗ ಬದಲಿಸಿದವು. ಇದರ ನಡುವೆಯೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಶುರುಮಾಡಿದ. ಅಚ್ಚಿಗೆ ಬಂದ ಸ್ಪೆಲಿಂಗ್ ಕ್ರಮೇಣ ಗಟ್ಟಿಯಾಯಿತು, ಮಾತು ಮುಂದೆ ಹೋಯಿತು.

ಅದರ ಮೇಲೆ ಪಂಡಿತರ ಕೈಚಳಕ ಬೇರೆ. ಸಾಲ ಎಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಅಕ್ಷರ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ಇದರ ಮೂಲ ಅಂತ ತೋರಿಸಲು ನಡುವೆ ಒಂದು ಬಿ ತುರುಕಿದರು. ರಿಸೀಟಿಗೆ ಪಿ ಬಂದದ್ದೂ ಹೀಗೇ. ‘ಐಲ್ಯಾಂಡ್’ ಪದದ ಎಸ್ ಅಂತೂ ತಪ್ಪು ತಿಳಿವಳಿಕೆಯಿಂದ ಸೇರಿದ್ದು. ಲ್ಯಾಟಿನ್ ಮೂಲದ ಇನ್ನೊಂದು ಪದದ ನಂಟು ಇದಕ್ಕಿದೆ ಎಂದುಕೊಂಡರು, ನಂಟೇ ಇರಲಿಲ್ಲ. ಹಾಗಾಗಿ ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ‘ರಿಸೀಪ್ಟ್’ ಅಂದರೆ ಅವರನ್ನು ನೋಡಿ ನಗುವ ಮೊದಲು ಈ ಪಿ ಯಾರು ಸೇರಿಸಿದ್ದು ಅಂತ ನೆನಪಿಸಿಕೊಳ್ಳಿ.

ಸದ್ದು ಒಂದೇ ಇದ್ದು ಬರಹ ಬೇರೆಯಾದ ಜೋಡಿಗಳು ಇನ್ನೊಂದು ಜಾತಿ. ಇವು ಬೋರ್ಡು, ಬಿಲ್ಲು, ಅರ್ಜಿಗಳಲ್ಲಿ ಕಾಡುತ್ತವೆ. ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೊರದೇಶಕ್ಕೂ ಅದು ಹೋಗುತ್ತದೆ. ಮೆಣಸಿನಕಾಯಿಯ ‘ಚಿಲಿ’ ಕೊನೆಗೆ ಐ ಬರಬೇಕು. ವೈ ಹಾಕಿದರೆ ಅದು ಚಳಿ ಎಂಬ ಅರ್ಥದ ಪದ. ನೋಟ್‌ಬುಕ್ಕು, ಪೆನ್ನು ಮಾರುವ ‘ಸ್ಟೇಷನರಿ’ಯ ಕೊನೆಯ ಭಾಗದಲ್ಲಿ ಇ ಇರುತ್ತದೆ, ಎನ್ವಲಪ್ಪಿನ ಇ ಎಂದು ನೆನಪಿಡಿ. ಎ ಇದ್ದರೆ ‘ನಿಂತಲ್ಲೇ ನಿಂತದ್ದು’. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಂತ ರೈಲಿಗೆ ಎ. ಎರಡರ ಮೂಲವೂ ಒಂದೇ. ಹಿಂದೆ ಯುರೋಪಿನಲ್ಲಿ ತಿರುಗಾಡಿ ಮಾರುವವರೇ ಹೆಚ್ಚು. ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ, ಕಾಗದ ಮಾರುವವರಿಗೆ ‘ಸ್ಟೇಷನರ್’ ಎಂಬ ಹೆಸರು ಬಂತು.

ಅರ್ಥದ ಗೊಂದಲಗಳು ಹೆಚ್ಚಾಗಿ ನಮ್ಮ ಕನ್ನಡದ ಮೂಲಕವೇ ಬರುತ್ತವೆ. ಕೇಳು ಎಂಬ ಒಂದೇ ಪದದಲ್ಲಿ ನಾವು ಪ್ರಶ್ನೆ ಕೇಳುತ್ತೇವೆ, ಹಾಡು ಕೇಳುತ್ತೇವೆ, ದೂರದ ರೈಲಿನ ಸದ್ದನ್ನೂ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಪದ: ಆಸ್ಕ್, ಲಿಸನ್, ಹಿಯರ್. ‘ಎರಡು ವರ್ಷದಿಂದ’ ಅನ್ನುವಾಗಿನ ‘ಇಂದ’ವನ್ನು ಎಲ್ಲ ಕಡೆ ‘ಸಿನ್ಸ್’ ಮಾಡುತ್ತೇವೆ. ಅವರಲ್ಲಿ ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಅವಧಿಗೆ ಫಾರ್. 2020ರಿಂದ ಎಂದರೆ ಸಿನ್ಸ್, ಎರಡು ವರ್ಷದಿಂದ ಎಂದರೆ ಫಾರ್. ಇವು ತಪ್ಪಾದರೂ ವಿಷಯ ತಿಳಿಯುತ್ತದೆ. ಆದರೆ ‘ಬೈ’ ಮತ್ತು ‘ಟಿಲ್’ ತಪ್ಪಾದರೆ ಕೆಲಸವೇ ಕೆಡುತ್ತದೆ. ಸೋಮವಾರದ ಒಳಗೆ ಮುಗಿಸುತ್ತೇನೆ ಅನ್ನಲು ‘ಬೈ ಮಂಡೇ’. ಸೋಮವಾರದವರೆಗೂ ಮಾಡುತ್ತಲೇ ಇರುತ್ತೇನೆ ಅನ್ನಲು ‘ಟಿಲ್ ಮಂಡೇ’. ಆಫೀಸಿನ ಇಮೇಲ್ ಬರೆಯುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಕಲಿಯಲೇಬೇಕು. ಮನೆಯ ಹಿಂದೆ ಅನ್ನಲು ‘ಬ್ಯಾಕ್‌ಸೈಡ್’ ಅನ್ನುವುದನ್ನೂ ಬಿಡಬೇಕು. ಆ ಪದ ಮನುಷ್ಯರ ಕುಂಡಿಗೆ ಅಂಟಿಕೊಂಡಿದೆ. ‘ಬಿಹೈಂಡ್ ದ ಹೌಸ್’ ಅಂದರಾಯಿತು.

ಇದಕ್ಕೆ ಎದುರಾಗಿ, ಬಿಡಬೇಕಿಲ್ಲದ ಪದಗಳೂ ಇವೆ. ಗೊತ್ತಾದ ಹೊತ್ತಿಗಿಂತ ಮುಂಚೆಯೇ ಇಟ್ಟುಕೊಳ್ಳುವುದು ಎಂಬ ಅರ್ಥದ ‘ಪ್ರೀಪೋನ್’ ತಪ್ಪು ಅಂತ ಈಗಲೂ ಕೆಲವರು ತಿದ್ದುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದು ಇದೆ. ‘ಕಸಿನ್ ಬ್ರದರ್’ ಅಂದರೆ ಹೊರದೇಶದವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ದೊಡ್ಡಪ್ಪನ ಮಗ ನಮಗೆ ಅಣ್ಣನೇ, ಅದನ್ನು ಹೇಳಲು ನಮ್ಮವರು ಕಟ್ಟಿಕೊಂಡ ಪದ ಅದು. ನಮ್ಮ ನಮ್ಮಲ್ಲಿ ಮಾತಾಡುವಾಗ ಅದನ್ನು ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ.

ಇಷ್ಟೆಲ್ಲ ವಾದಗಳಲ್ಲಿ ಯಾರೂ ಎತ್ತದ ವಿಷಯ ಒಂದಿದೆ. ನನ್ನ ಅನುಭವದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು: ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನುವುದು. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮ ತೂಕದಲ್ಲಿ ಬರುತ್ತವೆ. ಎಲ್ಲಿ ಒತ್ತಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ಕೇಳಿಸಬೇಕು, ಉಳಿದವು ಕುಗ್ಗಬೇಕು. ಎಲ್ಲ ಸದ್ದುಗಳೂ ಸರಿ ಇದ್ದು ಒತ್ತು ತಪ್ಪಿದರೆ ಪರದೇಶದವರಿಗೆ ಪದವೇ ತಿಳಿಯದೆ ‘ಪಾರ್ಡನ್?’ ಅನ್ನುತ್ತಾರೆ. ‘ಹೋಟೆಲ್’ನಲ್ಲಿ ನಾವು ‘ಹೋ’ ಒತ್ತುತ್ತೇವೆ, ಅವರು ‘ಟೆಲ್’ ಒತ್ತುತ್ತಾರೆ. ‘ಡೆವಲಪ್’ನಲ್ಲಿ ಒತ್ತು ‘ವೆ’ ಮೇಲೆ. ‘ಫೋಟೋಗ್ರಾಫ್’ನಲ್ಲಿ ಮೊದಲ ಭಾಗಕ್ಕೆ ಒತ್ತು, ‘ಫೋಟೋಗ್ರಾಫರ್’ ಆದ ಕೂಡಲೇ ಅದು ‘ಟೋ’ಗೆ ಜಿಗಿಯುತ್ತದೆ. ‘ವೆಜಿಟೇಬಲ್’ನಲ್ಲಿ ಟೇಬಲ್ ಇಲ್ಲವೇ ಇಲ್ಲ. ‘ವೆಜ್’ ಒತ್ತಿ ಹೇಳಿ ‘ಟಬಲ್’ ಅಂತ ಮುಗಿಸಬೇಕು. ಕೆಲವು ಪದಗಳಲ್ಲಿ ಒತ್ತು ಬದಲಾದರೆ ವ್ಯಾಕರಣವೇ ಬದಲು. ‘ರೆಕಾರ್ಡ್’ ಪದದ ಮೊದಲ ಭಾಗ ಒತ್ತಿದರೆ ದಾಖಲೆ, ಎರಡನೆಯದನ್ನು ಒತ್ತಿ ‘ರಿಕಾರ್ಡ್’ ಎಂದರೆ ದಾಖಲಿಸು. ಉಡುಗೊರೆಯ ‘ಪ್ರೆಜ಼ೆಂಟ್’ ಮತ್ತು ಮುಂದಿಡುವ ‘ಪ್ರಿಜ಼ೆಂಟ್’ ಕೂಡ ಹೀಗೇ. ಮರಳುಗಾಡಿನ ‘ಡೆಜ಼ರ್ಟ್’ಗೆ ಒತ್ತು ಮೊದಲು, ಊಟದ ಕೊನೆಯ ಸಿಹಿ ‘ಡಿಜ಼ರ್ಟ್’ಗೆ ಕೊನೆಯಲ್ಲಿ.

ಇದನ್ನು ಕಲಿಯಲು ದುಡ್ಡು ಕೊಟ್ಟು ಕ್ಲಾಸಿಗೆ ಹೋಗಬೇಕಿಲ್ಲ. ಯಾವುದೇ ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪದದ ಮುಂದೆ ಉಚ್ಚಾರದ ಚಿಹ್ನೆಗಳಿರುತ್ತವೆ. ಅಲ್ಲಿ ಮೇಲ್ಗಡೆ ಒಂದು ಸಣ್ಣ ಉದ್ದ ಗೆರೆ ಕಾಣುತ್ತದೆ. ಆ ಗೆರೆಯ ನಂತರ ಬರುವ ಭಾಗವನ್ನು ಒತ್ತಿ ಹೇಳಬೇಕು. ಮೊಬೈಲಿನ ನಿಘಂಟಾದರೆ ಸ್ಪೀಕರ್ ಚಿತ್ರ ಒತ್ತಿ ಕೇಳಬಹುದು, ಬ್ರಿಟನ್ನಿನದು ಬೇರೆ, ಅಮೆರಿಕದ್ದು ಬೇರೆ. ಹೊಸ ಪದ ಬರೆದುಕೊಳ್ಳುವಾಗ ಅರ್ಥದ ಜೊತೆಗೆ ಆ ಗೆರೆಯನ್ನೂ ಹಾಕಿಕೊಳ್ಳಿ. ಕನ್ನಡದಲ್ಲಿ ಬರೆದುಕೊಳ್ಳುವವರು ಒತ್ತಬೇಕಾದ ಅಕ್ಷರದ ಕೆಳಗೆ ಅಡ್ಡಗೆರೆ ಎಳೆದುಕೊಂಡರೂ ನಡೆಯುತ್ತದೆ.